ಹಳೆ ಬೈಕ್ ಕೊಂಡು ರಸ್ತೆಗೆ ತರುವುದು: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಕಲಬುರಗಿಯ ಯಾವ ಓಣಿಗೆ ಹೋದರೂ ಗೋಡೆಗೆ ಒರಗಿ ನಿಂತ ಒಂದು ಹಳೆ ಬೈಕ್ ಕಾಣುತ್ತದೆ. ಬಣ್ಣ ಹೊಸದು, ಸೀಟು ಹೊಸದು, ಆದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಬೀದರ್, ಯಾದಗಿರಿಯ ಕಡೆಯಿಂದಲೂ ಹುಡುಗರು ಇದನ್ನೇ ಕೇಳುತ್ತಿರುತ್ತಾರೆ: ಗಾಡಿ ತೊಗೊಂಡು ತಿಂಗಳುಗಟ್ಟಲೆ ಆಯ್ತು, ದುಡ್ಡೂ ಹೋಯ್ತು, ಇನ್ನೂ ರಸ್ತೆಗೆ ಬಂದಿಲ್ಲ, ಏನು ಮಾಡಲಿ? ವಿಚಾರಿಸಿ ನೋಡಿದರೆ ಎಲ್ಲರೂ ತಪ್ಪಿದ್ದು ಒಂದೇ ಕಡೆ. ಮೊದಲ ದುಡ್ಡು ಬಣ್ಣಕ್ಕೆ ಹೋಗಿದೆ, ಎರಡನೆಯದು ಸುಮ್ನೆ ಎಂಜಿನ್ ಬಿಚ್ಚುವುದಕ್ಕೆ ಹೋಗಿದೆ, ಕಾಗದ ನೋಡುವುದು ಕೊನೆಗೆ ಉಳಿದಿದೆ.

ಸರಿಯಾದ ಕ್ರಮ ಇದು: ಮೊದಲು ಕಾಗದ, ಆಮೇಲೆ ಬ್ರೇಕ್ ಹಿಡಿದು ಗಾಡಿ ನಿಲ್ಲಬೇಕು, ಆಮೇಲೆ ಓಡಬೇಕು, ಬಣ್ಣ ಎಲ್ಲಕ್ಕಿಂತ ಕೊನೆಗೆ. ಈ ಬರಹ 100ರಿಂದ 125 ಸಿಸಿಯ, ಕಾರ್ಬರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ, ಹತ್ತರಿಂದ ಇಪ್ಪತ್ತು ವರ್ಷ ಹಳೆಯ ಗಾಡಿಗಳ ಬಗ್ಗೆ. ಸ್ಪ್ಲೆಂಡರ್, ಪ್ಯಾಷನ್, ಪ್ಲಾಟಿನಾ, ಸಿಟಿ 100, ಸ್ಟಾರ್ ಸಿಟಿ, ಶೈನ್ ಇಂಥವು. ಆರ್‌ಎಕ್ಸ್ 100 ಅಥವಾ ಹಳೆ ಬುಲೆಟ್ ಮೇಲೆ ಮನಸ್ಸಿದ್ದರೆ ಅದನ್ನು ಎರಡನೇ ಗಾಡಿಗೆ ಇಟ್ಟುಕೊಳ್ಳಿ. ಕೈ ಪಳಗುವ ಮೊದಲು ಅವು ಬೇಡ.

ಹಂತ 1: ದುಡ್ಡು ಮತ್ತು ಮಾಡೆಲ್

ನಿಮ್ಮ ಹತ್ತಿರ ಇರುವ ಒಟ್ಟು ದುಡ್ಡಿನಲ್ಲಿ ಮೂರನೇ ಒಂದು ಭಾಗವನ್ನು ಪಕ್ಕಕ್ಕೆ ತೆಗೆದಿಡಿ. 30 ಸಾವಿರ ಇದ್ದರೆ 20 ಸಾವಿರದ ಗಾಡಿ ನೋಡಿ. ಉಳಿದದ್ದು ಆರ್‌ಸಿ (ನೋಂದಣಿ ಪತ್ರ) ವರ್ಗಾವಣೆ, ವಿಮೆ, ಟೈರು, ಚೈನು, ಬ್ರೇಕ್ ಇವುಗಳಿಗೆ ಬೇಕೇ ಬೇಕು. ಇಪ್ಪತ್ತೊಂಬತ್ತು ಸಾವಿರದ ಗಾಡಿ ತಂದರೆ ಅದು ಓಡದೆ ಮನೆ ಮುಂದೆ ನಿಲ್ಲುವುದು ಖಂಡಿತ.

ಗಾಡಿ ನೋಡುವ ಮೊದಲು ನಿಮ್ಮ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ. ಆ ಮಾಡೆಲ್‌ನ ಕಾರ್ಬರೇಟರ್ ಕಿಟ್, ಕ್ಲಚ್ ಪ್ಲೇಟ್, ಬ್ರೇಕ್ ಶೂ ಇವೆಯಾ ಅಂತ ಕೇಳಿ. ಅಂಗಡಿಯವರು ಎದ್ದು ತಂದುಕೊಟ್ಟರೆ ಸರಿ. "ಹೈದರಾಬಾದ್‌ದಿಂದ ತರಸ್ಬೇಕಾಗ್ತದ ನೋಡ್ರಿ" ಅಂದರೆ ಆ ಮಾಡೆಲ್ ಬಿಟ್ಟುಬಿಡಿ. ಶಹಾಪುರ, ಔರಾದ್, ಅಫಜಲಪುರದಂಥ ತಾಲ್ಲೂಕು ಊರಲ್ಲಿ ಇರುವವರಿಗೆ ಇದು ಇನ್ನೂ ಮುಖ್ಯ. ಹತ್ತು ರೂಪಾಯಿಯ ಒಂದು ವಾಷರ್‌ಗಾಗಿ ವಾರಗಟ್ಟಲೆ ಗಾಡಿ ಬಿಚ್ಚಿದ ಸ್ಥಿತಿಯಲ್ಲೇ ಉಳಿದರೆ ಮೊದಲು ಕಳೆದುಹೋಗುವುದು ಅದರ ನಟ್ಟು ಬೋಲ್ಟುಗಳು.

ಹಂತ 2: ಕಾಗದ ನೋಡಿ, ಆಮೇಲೆ ಗಾಡಿ ನೋಡಿ

ಫೋನಿನಲ್ಲೇ ಗಾಡಿ ನಂಬರ್ ಕೇಳಿ ತೊಗೊಳ್ಳಿ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ನೋಂದಣಿ ದಿನಾಂಕ, ಆರ್‌ಸಿ ಅವಧಿ, ವಿಮೆ ಎಲ್ಲ ಕಾಣುತ್ತದೆ. ಬಾಕಿ ಚಲನ್ ಇದೆಯಾ ಅಂತ ಬೇರೆಯಾಗಿ ನೋಡಿ. ನಂಬರ್ ಕೊಡುವುದಕ್ಕೇ ಹಿಂದೆ ಮುಂದೆ ನೋಡುವವರ ಗಾಡಿ ನೋಡುವುದಕ್ಕೆ ಹೋಗಲೇಬೇಡಿ.

ಆರ್‌ಸಿ ನೋಂದಣಿಯಾದ ದಿನದಿಂದ 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿಯನ್ನು ಆರ್‌ಟಿಒಗೆ ಒಯ್ದು, ತೋರಿಸಿ, ಫಾರ್ಮ್ 25 ಕೊಟ್ಟು ಐದೈದು ವರ್ಷಕ್ಕೆ ನವೀಕರಿಸಬೇಕು. ಜೊತೆಗೆ ಹಸಿರು ತೆರಿಗೆಯೂ ಇರುತ್ತದೆ. ನವೀಕರಣ ಆಗದ ಗಾಡಿ ಸಿಕ್ಕರೆ, ಮಾರುವವರೇ ಮಾಡಿಸಿ ಕೊಡಲಿ ಅಥವಾ ಆ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಲಿ. "ಆಮ್ಯಾಗ ಮಾಡ್ಸಿದ್ರಾತು" ಅನ್ನುವ ಮಾತು ನಂಬಬೇಡಿ. ತಪಾಸಣೆಗೆ ಒಯ್ಯಬೇಕಾದರೆ ಬ್ರೇಕು, ಲೈಟು, ಹಾರ್ನು ಎಲ್ಲ ಸರಿ ಇರಬೇಕಾಗುತ್ತದೆ, ಆ ಖರ್ಚೂ ನಿಮ್ಮ ಮೇಲೆಯೇ ಬೀಳುತ್ತದೆ.

ನಮ್ಮ ಭಾಗದಲ್ಲಿ ಜಾಸ್ತಿ ಸಿಕ್ಕಿಬೀಳುವುದು ಹೊರರಾಜ್ಯದ ಗಾಡಿಗಳಲ್ಲಿ. ಕೆಎ 32 ಕಲಬುರಗಿ, ಕೆಎ 33 ಯಾದಗಿರಿ, ಕೆಎ 38 ಬೀದರ್. ಆದರೆ ಬೀದರ್‌ನ ಸಂತೆ ದಿನ ನಿಂತು ನೋಡಿದರೆ ತೆಲಂಗಾಣದ ಮತ್ತು ಮಹಾರಾಷ್ಟ್ರದ ನಂಬರುಗಳೂ ಬೇಕಾದಷ್ಟು ಕಾಣುತ್ತವೆ. ಈ ಗಾಡಿಗಳ ಬೆಲೆ ಕಡಿಮೆ ಇರುವುದಕ್ಕೆ ಕಾರಣ ಇದೆ. ಆ ಊರಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತರಬೇಕು, ಅದು ಫಾರ್ಮ್ 28. ಇಲ್ಲಿ ಹೊಸ ನಂಬರ್ ತೊಗೋಬೇಕು, ಕರ್ನಾಟಕದ ತೆರಿಗೆ ಮತ್ತೆ ಕಟ್ಟಬೇಕು. ಕಾನೂನಿನ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಹೊಸ ನಂಬರ್ ಪಡೆಯಲೇಬೇಕು. ಮೊದಲ ಗಾಡಿ ಕೊಳ್ಳುವವರಿಗೆ ಈ ಓಡಾಟ ಬೇಡ. ಎನ್‌ಒಸಿ ಕೈಯಲ್ಲಿ ಹಿಡಿದು ಮಾರುವವರಿದ್ದರೆ ಮಾತ್ರ ವಿಚಾರ ಮಾಡಿ.

ಇನ್ನು ಗಾಡಿ ಯಾರ ಹೆಸರಲ್ಲಿದೆ ಅನ್ನುವುದು. ಆರ್‌ಸಿಯಲ್ಲಿ ಹೆಸರಿರುವವರು ಎದುರಿಗೆ ಕೂತು ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಬೇಕು. ಖಾಲಿ ಫಾರ್ಮಿಗೆ ಹಿಂದೆ ಯಾವಾಗಲೋ ಸಹಿ ಹಾಕಿಟ್ಟು, ಅದರ ಮೇಲೆ ಮೂರು ಕೈ ದಾಟಿದ ಗಾಡಿ ಸಿಕ್ಕರೆ ದೂರ ಇರಿ. ಯಜಮಾನರು ತೀರಿಕೊಂಡಿದ್ದರೆ ಮೊದಲು ಫಾರ್ಮ್ 31ರ ಮೂಲಕ ವಾರಸುದಾರರ ಹೆಸರಿಗೆ ಆಗಬೇಕು, ಆಮೇಲೆ ನಿಮಗೆ ಬರಬೇಕು. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೇಳಿ. ಸಾಲ ಎಂದೋ ತೀರಿದ್ದರೂ ನಮೂದು ಹಾಗೇ ಉಳಿದಿರುತ್ತದೆ, ಅಷ್ಟರಿಂದಲೇ ವರ್ಗಾವಣೆ ನಿಲ್ಲುತ್ತದೆ.

ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸುವುದಕ್ಕೂ 14 ದಿನದೊಳಗೆ ಅರ್ಜಿ ಕೊಡಿ. ಥರ್ಡ್ ಪಾರ್ಟಿ ವಿಮೆ ಇಲ್ಲದೆ ಓಣಿಯ ಕೊನೆಯವರೆಗೂ ಓಡಿಸಬೇಡಿ. ಒಂದು ಅಪಘಾತ ಆದರೆ ಪರಿಹಾರದ ಹೊರೆ ಇಡೀ ಮನೆಯ ಮೇಲೆ ಬೀಳುತ್ತದೆ. ಹಾಗೆಯೇ 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗೂ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಬೇಕು. ಹಾಕಿಸಿಲ್ಲದಿದ್ದರೆ ಮಾರುವವರಿಂದಲೇ ಹಾಕಿಸಿ.

ಹಂತ 3: ತಣ್ಣಗಿರುವ ಗಾಡಿ ನೋಡುವುದು

ಬೆಳಿಗ್ಗೆ ಬೇಗ ಹೋಗಿ. ನಮ್ಮ ಬಿಸಿಲಿನಲ್ಲಿ ಹತ್ತು ಗಂಟೆಯ ಮೇಲೆ ಹೋದರೆ ಎಂಜಿನ್ ಬಿಸಿಲಿಗೆ ಕಾದಿದೆಯಾ, ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರಾ ಗೊತ್ತಾಗುವುದಿಲ್ಲ. "ನಾ ಬರೂತನಕ ಗಾಡಿ ಚಾಲೂ ಮಾಡಬ್ಯಾಡ್ರಿ ಕಾಕಾ" ಅಂತ ಮೊದಲೇ ಹೇಳಿ. ಹೋದ ತಕ್ಷಣ ಎಂಜಿನ್ ಹತ್ತಿರ ಕೈ ಒಯ್ದು ನೋಡಿ. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ ಬನ್ನಿ. ತಣ್ಣಗಿರುವ ಎಂಜಿನ್ ಮಾತ್ರ ತನ್ನ ರೋಗ ತೋರಿಸುತ್ತದೆ.

ಮೊದಲು ನಂಬರುಗಳು. ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಎರಡನ್ನೂ ಒರೆಸಿ, ಒಂದೊಂದೇ ಅಕ್ಷರ ಆರ್‌ಸಿ ಜೊತೆ ಹೋಲಿಸಿ. ಅಕ್ಷರ ಸೊಟ್ಟಗಿದ್ದರೆ, ಸುತ್ತ ಉಜ್ಜಿದ ಗುರುತಿದ್ದರೆ, ಅಲ್ಲಿಗೆ ಮಾತು ಮುಗಿಯಿತು. ಕಾರಣ ಕೇಳುವುದೂ ಬೇಡ, ಚೌಕಾಸಿಯೂ ಬೇಡ.

ಆಮೇಲೆ ಚಾಸಿ. ಟ್ಯಾಂಕಿನ ಕೆಳಗೆ, ಹ್ಯಾಂಡಲ್ ಸೇರುವ ಜಾಗದಲ್ಲಿ ಟಾರ್ಚ್ ಹಿಡಿದು ನೋಡಿ. ಮತ್ತೆ ಮಾಡಿದ ವೆಲ್ಡಿಂಗ್, ಬಣ್ಣದ ಸೀಳು, ಸುಕ್ಕು ಕಂಡರೆ ಗಾಡಿ ಮುಂದಿನಿಂದ ಜೋರಾಗಿ ಗುದ್ದಿದೆ ಅಂತ ಅರ್ಥ. ಹಿಂದೆ ನಾಲ್ಕು ಹೆಜ್ಜೆ ದೂರ ಕೂತು ನೋಡಿ, ಎರಡೂ ಗಾಲಿ ಒಂದೇ ಗೆರೆಯಲ್ಲಿರಬೇಕು.

ಮೇನ್ ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಗಾಲಿ ಹಿಡಿಯುವ ತೋಳು) ಬುಶ್ ಸವೆದಿದೆ. ಮುಂದಿನ ಗಾಲಿ ಎತ್ತಿ ಫೋರ್ಕ್ (ಗಾಲಿ ಹಿಡಿಯುವ ಎರಡು ಕಾಲು) ಹಿಡಿದು ಹಿಂದೆ ಮುಂದೆ ಜಗ್ಗಿ, ಸಡಿಲಾಗಿ ಅಲ್ಲಾಡಿದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಹ್ಯಾಂಡಲ್ ತಿರುಗಿಸುವಾಗ ನಟ್ಟನಡುವೆ ತಡೆದಂತೆ ಆದರೂ ಅದೇ. ಇವೆಲ್ಲ ಸರಿಮಾಡಬಹುದಾದ ಕೆಲಸಗಳೇ, ಹೆದರಬೇಡಿ. ಬರೆದುಕೊಳ್ಳಿ, ಬೆಲೆ ಮಾತಾಡುವಾಗ ಉಪಯೋಗಕ್ಕೆ ಬರುತ್ತದೆ.

ಭೀಮಾ ದಂಡೆಯ ಊರುಗಳ ಗಾಡಿಯಾದರೆ ಇನ್ನೊಂದು ತಪಾಸಣೆ ಇದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು. ಸೀಟು ತೆಗೆದು ವೈರುಗಳ ಗಂಟಿನ ಒಳಗೆ, ಹೆಡ್‌ಲೈಟ್ ಗೂಡಿನ ಒಳಗೆ, ಏರ್ ಫಿಲ್ಟರ್ ಡಬ್ಬಿಯ ಮೂಲೆಯಲ್ಲಿ ನುಣ್ಣನೆಯ ರೇವೆ ಮಣ್ಣು ಕೂತಿದೆಯಾ ನೋಡಿ. ರಸ್ತೆಯ ಧೂಳು ಹೊರಗಡೆ ಕೂರುತ್ತದೆ, ಹೆಡ್‌ಲೈಟಿನ ಒಳಗೆ ಗೆರೆ ಬಿಟ್ಟಂತೆ ಕೂರುವುದು ಪ್ರವಾಹದ ಮಣ್ಣು. ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಇಂಥ ಗಾಡಿಯ ವೈರಿಂಗ್ ವರ್ಷಗಟ್ಟಲೆ ಕಾಡುತ್ತದೆ, ಹೊಸಬರಿಗೆ ಬೇಡ.

ಈಗ ಕಿಕ್. ಮೊದಲು ಕೀ ಆಫ್ ಇಟ್ಟು, ಕಿಕ್ ಅನ್ನು ಕೈಯಿಂದ ನಿಧಾನ ಒತ್ತಿ. ಒಂದು ಕಡೆ ಗಟ್ಟಿಯಾಗಿ ತಡೆಯಬೇಕು. ಎಲ್ಲೂ ತಡೆಯದೆ ಸಲೀಸಾಗಿ ಇಳಿದರೆ ಕಂಪ್ರೆಷನ್ (ಎಂಜಿನ್ನಿನೊಳಗೆ ಗಾಳಿ ಒತ್ತುವ ಬಲ) ಇಲ್ಲ. ಆಮೇಲೆ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಸೈಲೆನ್ಸರ್ ಕಡೆ ನೋಡಿ. ತಂಪು ಹೊತ್ತಿನಲ್ಲಿ ಸ್ವಲ್ಪ ಹೊತ್ತು ಬಿಳಿ ಹಬೆ ಬಂದು ನಿಂತರೆ ಏನೂ ಇಲ್ಲ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಕಾರ್ಬರೇಟರ್ ಅಥವಾ ಏರ್ ಫಿಲ್ಟರ್ ಕೆಲಸ, ಅಗ್ಗದ್ದು. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಸ್ಟಾರ್ಟ್ ಮಾಡಿದಾಗ ಒಮ್ಮೆ ಬಂದು ನಿಂತರೆ ವಾಲ್ವ್ ಸೀಲ್ ಹೋಗಿರಬಹುದು. ರೇಸ್ ಕೊಟ್ಟಾಗಲೆಲ್ಲ ಬರುತ್ತಲೇ ಇದ್ದರೆ ಪಿಸ್ಟನ್ ರಿಂಗು, ಬೋರು (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ) ಸವೆದಿರುವುದು ಹೆಚ್ಚುಕಡಿಮೆ ಖಚಿತ.

ಗಾಡಿ ಓಡಿಸಿ ನೋಡಿ, ಎಲ್ಲ ಗೇರ್ ಹಾಕಿ. ಮೇಲಿನ ಗೇರಿನಲ್ಲಿ ರೇಸ್ ಕೊಟ್ಟಾಗ ಎಂಜಿನ್ ಸದ್ದು ಏರಿ ಗಾಡಿ ಮಾತ್ರ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಎಂಜಿನ್ನಿನ ಕೆಳಭಾಗದಿಂದ ರೇಸಿನ ಜೊತೆ ಏರುವ ಧಡಧಡ ಸದ್ದು ಬಂದರೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಒಳಗಿನ ದಂಡ) ಕೆಲಸ, ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ. ಬಿಟ್ಟು ಬನ್ನಿ.

ಕೊನೆಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಟೈರು, ಚೈನು, ಬ್ಯಾಟರಿ, ಕೇಬಲ್ಲು, ಬ್ರೇಕ್ ಶೂ, ಹರಿದ ಸೀಟು ಇವೆಲ್ಲ ಕೆಟ್ಟಿದ್ದರೂ ಗಾಡಿ ಕೊಳ್ಳಬಹುದು. ನಂಬರ್ ತಿದ್ದಿದ್ದು, ಚಾಸಿ ವೆಲ್ಡಿಂಗ್, ನೀರಲ್ಲಿ ಮುಳುಗಿದ್ದು, ನಿಲ್ಲದ ನೀಲಿ ಹೊಗೆ, ಕ್ರ್ಯಾಂಕ್ ಸದ್ದು ಈ ಐದರಲ್ಲಿ ಒಂದಿದ್ದರೂ ಅಗ್ಗಕ್ಕೆ ಕೊಟ್ಟರೂ ಬೇಡ. ಹೊಸಬರು ಮಾಡುವುದು ಇದರ ಉಲ್ಟಾ: ಹರಿದ ಸೀಟು ನೋಡಿ ಒಳ್ಳೆ ಗಾಡಿ ಬಿಡುತ್ತಾರೆ, ಹೊಳೆಯುವ ಟ್ಯಾಂಕ್ ನೋಡಿ ಸತ್ತ ಎಂಜಿನ್ ತರುತ್ತಾರೆ.

ಹಂತ 4: ಸಾಮಾನು

8, 10, 12, 14, 17ರ ರಿಂಗ್ ಪಾನಾ, 8ರಿಂದ 14ರವರೆಗೆ ಟಿ ಪಾನಾ, ಪ್ಲಗ್ ಪಾನಾ, ಒಳ್ಳೆ ತುದಿಯ ದೊಡ್ಡ ಪ್ಲಸ್ ಸ್ಕ್ರೂ ಡ್ರೈವರ್, ಸಣ್ಣ ಮೈನಸ್, ಪಕ್ಕಡ್, ಫಿಲ್ಲರ್ ಗೇಜ್ (ಸಣ್ಣ ಸಂದು ಅಳೆಯುವ ಪಟ್ಟಿಗಳು), ಅಗ್ಗದ ಮಲ್ಟಿಮೀಟರ್, ತಂತಿ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ, ಕಾರ್ಬರೇಟರ್ ಕ್ಲೀನರ್, ಗ್ರೀಸು, ಒಂದು ಅಗಲವಾದ ಡಬ್ಬಿ. ಇಷ್ಟು ಸಾಕು. ಎಂಜಿನ್ ಬಿಚ್ಚುವ ಪುಲ್ಲರ್‌ಗಳಿಗೆ ದುಡ್ಡು ಹಾಕಬೇಡಿ.

ಸ್ಕ್ರೂ ಡ್ರೈವರ್ ಮಾತ್ರ ಅಗ್ಗದ್ದು ತರಬೇಡಿ. ಕಾರ್ಬರೇಟರ್ ಮತ್ತು ಎಂಜಿನ್ ಕವರಿನ ಸ್ಕ್ರೂ ತಲೆ ಒಮ್ಮೆ ಸವೆದುಹೋದರೆ ಅದನ್ನು ತೆಗೆಯುವುದೇ ಒಂದು ದಿನದ ಕೆಲಸ. ಬಿಗಿಯಾಗಿ ಕಚ್ಚಿಕೊಂಡಿದ್ದರೆ ಜೋರು ಮಾಡಬೇಡಿ, ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ.

ಕೆಲಸ ಬಯಲಲ್ಲಿ, ನೆರಳಲ್ಲಿ ಮಾಡಿ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯ ವಿಷ ವಾಸನೆ ಇಲ್ಲದೆ ಜೀವ ತೆಗೆಯುತ್ತದೆ. ಪೆಟ್ರೋಲ್ ತೆಗೆದಾಗ ಹತ್ತಿರದಲ್ಲಿ ಬೀಡಿ ಸಿಗರೇಟು, ಒಲೆ, ದೀಪ ಯಾವುದೂ ಇರಬಾರದು. ಏನು ಬಿಚ್ಚಿದರೂ ಬಿಚ್ಚುವ ಮೊದಲು ಫೋನಿನಲ್ಲಿ ಫೋಟೊ ತೆಗೆಯಿರಿ.

ಹಂತ 5: ಮೊದಲು ನಿಲ್ಲುವ ಗಾಡಿ ಮಾಡಿ

ಓಡುವುದಕ್ಕಿಂತ ಮೊದಲು ಬ್ರೇಕು. ಇದರಲ್ಲಿ ರಾಜಿ ಇಲ್ಲ.

ಗಾಲಿ ತೆಗೆದು ಡ್ರಮ್ ಬಿಚ್ಚಿ. ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಹವಾ ಹೊಡೆಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಹಳೆ ಶೂಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಶೂ ತೆಳುವಾಗಿದ್ದರೆ ಬದಲಿಸಿ. ಬ್ರೇಕ್ ಕ್ಯಾಮ್ (ಶೂಗಳನ್ನು ಹೊರಗೆ ತಳ್ಳುವ ತುಂಡು) ತೆಗೆದು ತುಕ್ಕು ಉಜ್ಜಿ, ಚೂರೇ ಚೂರು ಗ್ರೀಸು ಹಚ್ಚಿ. ಶೂ ಮೇಲೆ ಗ್ರೀಸ್ ಬಿದ್ದರೆ ಆ ಬ್ರೇಕ್ ಹಿಡಿಯುವುದಿಲ್ಲ. ಶೂ ಹೊಸದು ಹಾಕಿದರೂ ಬ್ರೇಕ್ ಹಿಡಿಯುತ್ತಿಲ್ಲ ಅಂತ ಬಹಳ ಜನ ಹೇಳುತ್ತಾರೆ. ನೋಡಿದರೆ ಕ್ಯಾಮ್ ತುಕ್ಕು ಹಿಡಿದು ಬಿಗಿದಿರುತ್ತದೆ, ಅಥವಾ ಕೇಬಲ್ ಒಳಗೆ ಎಳೆ ಹರಿದಿರುತ್ತದೆ. ಹಳೆ ಗಾಡಿಯಲ್ಲಿ ಬ್ರೇಕ್, ಕ್ಲಚ್, ಎಕ್ಸಲೇಟರ್ ಮೂರೂ ಕೇಬಲ್ ಹೊಸದು ಹಾಕಿಬಿಡಿ. ಖರ್ಚು ಕಡಿಮೆ, ನೆಮ್ಮದಿ ಜಾಸ್ತಿ.

ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೀರು ಎಷ್ಟೇ ಆಳ ಇರಲಿ, ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಟೈರ್ ಮುಗಿದಿದೆ. ನಮ್ಮ ಬೇಸಿಗೆ 44 ಡಿಗ್ರಿ ಮುಟ್ಟುತ್ತದೆ, ಬಿಸಿಲಲ್ಲಿ ನಿಂತ ರಬ್ಬರ್ ಓಡದಿದ್ದರೂ ಒಣಗುತ್ತದೆ. ಹವಾವನ್ನು ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ನೋಡಿ.

ಮಳೆಗಾಲದಲ್ಲಿ ಹೊಲದ ದಾರಿ ಹಿಡಿಯುವವರು ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಎಷ್ಟು ಜಾಗ ಇದೆ ನೋಡಿಕೊಳ್ಳಿ. ಅಗಲದ ಟೈರ್ ಹಾಕಿಸಿದರೆ ಕರಿಮಣ್ಣು ಮೆತ್ತಿ ಗಾಲಿಯೇ ತಿರುಗುವುದಿಲ್ಲ. ಕಂಪನಿ ಹೇಳಿದ ಅಳತೆಯೇ ಇರಲಿ.

ಹಂತ 6: ಪೆಟ್ರೋಲ್ ದಾರಿ, ಟ್ಯಾಂಕಿನಿಂದ ಕಾರ್ಬರೇಟರ್‌ವರೆಗೆ

ನಿಂತ ಗಾಡಿ ಸ್ಟಾರ್ಟ್ ಆಗದಿರುವುದಕ್ಕೆ ಮೊದಲು ಅನುಮಾನ ಪಡಬೇಕಾದ ಜಾಗ ಇದು. ಆದರೆ ಜನ ಸೀದಾ ಕಾರ್ಬರೇಟರ್ ಬಿಚ್ಚುತ್ತಾರೆ. ಟ್ಯಾಂಕಿನ ತುಕ್ಕು ಹಾಗೇ ಇರುತ್ತದೆ, ಎರಡು ದಿನಕ್ಕೆ ಅದೇ ತುಕ್ಕು ಮತ್ತೆ ಇಳಿದು ಜೆಟ್ (ಕಾರ್ಬರೇಟರ್ ಒಳಗೆ ಪೆಟ್ರೋಲ್ ಹೋಗುವ ಸಣ್ಣ ತೂತಿನ ತುಂಡು) ಮುಚ್ಚುತ್ತದೆ. ಮೇಲಿನಿಂದ ಕೆಳಗೆ ಬನ್ನಿ.

ಹಳೆ ಪೆಟ್ರೋಲ್ ಪೂರ್ತಿ ತೆಗೆಯಿರಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತರೆ ನೀರು ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತದೆ. ಟಾರ್ಚ್ ಬಿಟ್ಟು ಒಳಗೆ ನೋಡಿ. ಕೆಂಪು ಪುಡಿ ಇದ್ದರೆ ಟ್ಯಾಂಕ್ ಬಿಚ್ಚಿ ತೊಳೆಯಬೇಕು. ಟ್ಯಾಂಕಿನ ಕೆಳಗಿರುವ ಪೆಟ್ರೋಲ್ ಕಾಕ್ ಬಿಚ್ಚಿ ಅದರ ಜಾಲರಿ ತೊಳೆಯಿರಿ. ಪೆಟ್ರೋಲ್ ಪೈಪ್ ಹೊಸದು ಹಾಕಿ. ಹಳೆ ಗಾಡಿಗಳ ರಬ್ಬರ್ ಎಥನಾಲ್‌ಗೆ ಅಂತ ಮಾಡಿದ್ದಲ್ಲ, ಉಬ್ಬುತ್ತದೆ, ಗಡುಸಾಗುತ್ತದೆ, ಬಿರುಕು ಬಿಡುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ.

ಆಮೇಲೆ ಏರ್ ಫಿಲ್ಟರ್. ಸೇಡಂ, ವಾಡಿ, ಶಹಾಬಾದ್ ಕಡೆ ಓಡಿದ ಗಾಡಿಯಾದರೆ ಸಿಮೆಂಟು, ಕಲ್ಲಿನ ಪುಡಿಯಿಂದ ಅದು ಮುಚ್ಚಿಹೋಗಿರುತ್ತದೆ. ಕಾಗದದ ಫಿಲ್ಟರ್ ಆದರೆ ತೊಳೆಯಬೇಡಿ, ಬದಲಿಸಿ. ಸ್ಪಂಜಿನದಾದರೆ ತೊಳೆದು, ಒಣಗಿಸಿ, ಆಯಿಲ್ ಹಚ್ಚಿ ಹಿಂಡಿ ಹಾಕಿ. ಫಿಲ್ಟರ್ ಇಲ್ಲದೆ ಒಂದು ದಿನವೂ ಓಡಿಸಬೇಡಿ, ಆ ಪುಡಿ ಪಿಸ್ಟನ್ನನ್ನು ಉಜ್ಜಿ ತಿನ್ನುತ್ತದೆ.

ಈಗ ಕಾರ್ಬರೇಟರ್. ಕೆಳಗಿನ ಡ್ರೇನ್ ಸ್ಕ್ರೂ ತೆಗೆದು ಪೆಟ್ರೋಲ್ ಇಳಿಸಿ, ಕಳಚಿ, ಬಿಳಿ ಬಟ್ಟೆ ಹಾಸಿದ ತಟ್ಟೆಯಲ್ಲಿ ಬಿಚ್ಚಿ. ಏರ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಒಳಗೆ ಮೆಲ್ಲಗೆ ಕೂರುವವರೆಗೆ ತಿರುಗಿಸಿ ಎಷ್ಟು ಸುತ್ತು ಅಂತ ಎಣಿಸಿ ಬರೆದಿಡಿ. ಜೋಡಿಸುವಾಗ ಅಷ್ಟೇ ಸುತ್ತು ಹೊರಗೆ ಬರಬೇಕು. ಇದನ್ನು ಮರೆತವರು ಆಮೇಲೆ ವಾರಗಟ್ಟಲೆ ಗಾಡಿ ನಿಂತಲ್ಲೇ ಬಂದ್ ಆಗುತ್ತದೆ ಅಂತ ಒದ್ದಾಡುತ್ತಾರೆ.

ಜೆಟ್ ಒಳಗೆ ತಂತಿ, ಸೂಜಿ, ಪಿನ್ ಹಾಕಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ಚೂರು ದೊಡ್ಡದಾದರೂ ಮೈಲೇಜ್ ಬೀಳುತ್ತದೆ. ಕ್ಲೀನರ್ ಹೊಡೆದು ಗಾಳಿ ಊದಿಸಿ, ಬೆಳಕಿಗೆ ಹಿಡಿದಾಗ ತೂತು ದುಂಡಗೆ ಕಾಣಬೇಕು. ರಬ್ಬರ್ ಭಾಗಗಳನ್ನು ಕ್ಲೀನರ್‌ನಲ್ಲಿ ನೆನೆಸಬೇಡಿ. ಪೆಟ್ರೋಲ್ ಒಳಗೆ ಬರುವುದನ್ನು ತಡೆಯುವ ಫ್ಲೋಟ್ ಸೂಜಿಯ ತುದಿಯಲ್ಲಿ ಸವೆದ ಉಂಗುರ ಕಂಡರೆ ಬದಲಿಸಿ, ಇಲ್ಲವಾದರೆ ರಾತ್ರಿಯೆಲ್ಲ ಪೆಟ್ರೋಲ್ ತೊಟ್ಟಿಕ್ಕುತ್ತದೆ.

ಐಡ್ಲಿಂಗ್ (ರೇಸ್ ಕೊಡದೆ ಎಂಜಿನ್ ಓಡುವ ವೇಗ) ಸೆಟ್ ಮಾಡುವುದು ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ. ತಣ್ಣಗಿದ್ದಾಗ ಸೆಟ್ ಮಾಡಿದ್ದು ಸಿಗ್ನಲ್‌ನಲ್ಲಿ ನಿಂತಾಗ ಕೂಗುತ್ತದೆ.

ಹಂತ 7: ಆಯಿಲ್, ಪ್ಲಗ್, ಚೈನ್

ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಆಯಿಲ್ ಇಳಿಸಿ. ಬೆರಳಿಗೆ ಹಚ್ಚಿ ಉಜ್ಜಿ ನೋಡಿ. ಬೂದು ಬಣ್ಣದ ನುಣ್ಣನೆ ಪುಡಿ ಇದ್ದರೆ ಪರವಾಗಿಲ್ಲ. ಕಣ್ಣಿಗೆ ಕಾಣುವ ಲೋಹದ ಚೂರು ಇದ್ದರೆ ಅಲ್ಲಿಗೇ ನಿಲ್ಲಿಸಿ, ಮಿಸ್ತ್ರಿಗೆ (ಮೆಕ್ಯಾನಿಕ್) ತೋರಿಸಿ. ಹೊಸ ಆಯಿಲ್ ಡಬ್ಬಿಯ ಮೇಲೆ ಜಾಸೊ ಎಂಎ (JASO MA) ಅಂತ ಇರಬೇಕು. ಬೈಕಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ. ಹಳೆ ಸ್ಪ್ಲೆಂಡರ್‌ಗೆ ಸುಮಾರು 900 ಮಿಲಿ ಸಾಕು. ಜಾಸ್ತಿ ಹಾಕಿದರೆ ಒಳ್ಳೆಯದು ಅನ್ನುವುದು ತಪ್ಪು, ಆಯಿಲ್ ಏರ್ ಫಿಲ್ಟರ್ ಡಬ್ಬಿಗೆ ಉಕ್ಕುತ್ತದೆ. ಡ್ರೇನ್ ಬೋಲ್ಟ್ ಜೀವ ಹಾಕಿ ಬಿಗಿಯಬೇಡಿ, ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಇಳಿಸಿದ ಆಯಿಲ್ ಮೋರಿಗೆ ಚೆಲ್ಲಬೇಡಿ, ಗ್ಯಾರೇಜಿಗೆ ಕೊಡಿ.

ಪ್ಲಗ್ ತೆಗೆದು ಬಣ್ಣ ನೋಡಿ. ತಿಳಿ ಕಂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಎಂಜಿನ್ ಕಾಯುತ್ತಿದೆ. ಜಿಡ್ಡು ಜಿಡ್ಡು ಕಪ್ಪು ಇದ್ದರೆ ಆಯಿಲ್ ಉರಿಯುತ್ತಿದೆ. ಹೊಸ ಪ್ಲಗ್ ಹಾಕುವಾಗ ಮೊದಲು ಬೆರಳಿಂದಲೇ ತಿರುಗಿಸಿ ಕೂರಿಸಿ, ಪಾನಾ ಕೊನೆಗೆ. ಓರೆಯಾಗಿ ಹೋದರೆ ಹೆಡ್ಡಿನ ಥ್ರೆಡ್ ಹಾಳು.

ಹಿಂದಿನ ಸ್ಪ್ರಾಕೆಟ್‌ನ (ಚೈನ್ ಕೂರುವ ಹಲ್ಲಿನ ಚಕ್ರ) ಹಿಂಬದಿಯಲ್ಲಿ ಚೈನನ್ನು ಬೆರಳಿಂದ ಹೊರಗೆ ಎಳೆಯಿರಿ. ಹಲ್ಲು ಅರ್ಧದಷ್ಟು ಕಂಡರೆ ಚೈನ್ ಮುಗಿದಿದೆ. ಚೈನು ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ. ಬರೀ ಚೈನ್ ಬದಲಿಸಿದರೆ ಹಳೆ ಹಲ್ಲು ಹೊಸ ಚೈನನ್ನು ಬೇಗ ತಿನ್ನುತ್ತದೆ. ಚೈನಿನ ಸಡಿಲು 20ರಿಂದ 30 ಮಿ.ಮೀ. ಇರಲಿ, ಗಾಲಿ ತಿರುಗಿಸಿ ಅತಿ ಬಿಗಿಯಾದ ಜಾಗದಲ್ಲಿ ಅಳೆಯಿರಿ.

ಹಂತ 8: ಕರೆಂಟು

ಮಲ್ಟಿಮೀಟರ್ ತೊಗೊಳ್ಳಿ. ನಿಂತ ಗಾಡಿಯಲ್ಲಿ ಒಳ್ಳೆ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ರೇಸ್ ಕೊಟ್ಟಾಗ 13.5ರಿಂದ 14.5ರ ಆಸುಪಾಸು ಬರಬೇಕು. ಏರದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ (ಕರೆಂಟ್ ಮಿತಿಯಲ್ಲಿಡುವ ಭಾಗ) ಹೋಗಿದೆ, ಬಲ್ಬು ಮೇಲಿಂದ ಮೇಲೆ ಸುಡುತ್ತವೆ, ಬ್ಯಾಟರಿ ನೀರು ಬತ್ತುತ್ತದೆ. ಹೊಸ ಬ್ಯಾಟರಿ ತರುವ ಮೊದಲು ಈ ಎರಡು ಅಳತೆ ನೋಡಿ. ಎಷ್ಟೋ ಜನ ನೋಡದೆ ಬ್ಯಾಟರಿ ಮೇಲೆ ಬ್ಯಾಟರಿ ಕೊಳ್ಳುತ್ತಾರೆ.

ಹಳೆ 100 ಸಿಸಿ ಗಾಡಿಗಳಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದಲ್ಲ, ಎಂಜಿನ್ ಜೊತೆ ತಿರುಗಿ ಕರೆಂಟ್ ಕೊಡುವ ಮ್ಯಾಗ್ನೆಟ್‌ನಿಂದ ಸೀದಾ ಉರಿಯುತ್ತದೆ. ಅದಕ್ಕೇ ನಿಂತಾಗ ಮಂಕಾಗಿ, ರೇಸಿಗೆ ಜೋರಾಗಿ ಉರಿಯುವುದು. ಅದು ದೋಷವಲ್ಲ. ಅದಕ್ಕೆ ಎಲ್‌ಇಡಿ ಹಾಕಿಸಲು ಹೋಗಿ ವೈರ್ ಕತ್ತರಿಸಿದ ಗಾಡಿಗಳನ್ನು ಸರಿಮಾಡುವುದು ಬಹಳ ಕಷ್ಟ. ವೈರ್ ಕತ್ತರಿಸಬೇಡಿ. ಕನೆಕ್ಟರ್‌ಗಳನ್ನು ಒಂದೊಂದೇ ಬಿಚ್ಚಿ, ಹಸಿರು ತುಕ್ಕು ಉಜ್ಜಿ, ಮತ್ತೆ ಹಾಕಿ. ಚಾಸಿಗೆ ಬೋಲ್ಟ್ ಮಾಡಿದ ಅರ್ಥ್ ವೈರಿನ ಕೆಳಗೆ ಬಣ್ಣ ಇದ್ದರೆ ಕೆರೆಯಿರಿ. ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಬ್ರೇಕ್ ಲೈಟ್ ಎರಡೂ ಬ್ರೇಕಿಗೆ ಹತ್ತುತ್ತದಾ ನೋಡಿ.

ಹಂತ 9: ಮಿಸ್ತ್ರಿ ಹತ್ತಿರ ಯಾವಾಗ ಹೋಗಬೇಕು

ವಾಲ್ವ್ ಸೆಟಿಂಗ್, ಕ್ಲಚ್ ಪ್ಲೇಟ್, ಕೋನ್ ಸೆಟ್, ಫೋರ್ಕ್ ಸೀಲ್, ಬೋರ್ ಕೆಲಸ ಇವು ಮೊದಲ ಸಲ ನೀವೇ ಮಾಡಬೇಡಿ. ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ. "ಇಂಜಿನ್ ಪೂರಾ ಬಿಚ್ಚಬೇಕಾಗ್ತದ" ಅಂದರೆ ಯಾಕೆ ಅಂತ ಕೇಳಿ, ಹೊಗೆಯಾ, ಸದ್ದಾ, ಸೋರಿಕೆಯಾ. ಕಾರಣ ತೋರಿಸಿದರೆ ಮಾಡಿಸಿ. ತೋರಿಸದಿದ್ದರೆ ಇನ್ನೊಬ್ಬರಿಗೆ ತೋರಿಸಿ.

ಕೆಲಸ ಕೊಡುವಾಗಲೇ "ಮಿಸ್ತ್ರಿ, ಹಳೀ ಸಾಮಾನೆಲ್ಲ ನಂಗ ವಾಪಸ್ ಬೇಕ್ರಿ" ಅಂತ ಮರ್ಯಾದೆಯಿಂದ ಹೇಳಿ. ಒಳ್ಳೆ ಮಿಸ್ತ್ರಿಗಳು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಬೋರ್ ಮಾಡಿಸಬೇಕಾದರೆ (ಸಿಲಿಂಡರ್ ಕೊರೆದು ದೊಡ್ಡ ಪಿಸ್ಟನ್ ಹಾಕುವುದು) ಪಿಸ್ಟನ್ ತಲೆಯ ಮೇಲಿನ ಅಂಕಿ ನೋಡಿ. 0.25, 0.50 ಅಂತ ಇದ್ದರೆ ಹಿಂದೆ ಬೋರ್ ಆಗಿದೆ ಅಂತ ಅರ್ಥ, ಅಂಕಿ ದೊಡ್ಡದಾದಷ್ಟೂ ಮುಂದೆ ಕೊರೆಯಲು ಉಳಿದಿರುವುದು ಕಡಿಮೆ.

ಹಂತ 10: ಮೊದಲ 500 ಕಿಲೋಮೀಟರ್

ಮೊದಲ ದಿನವೇ ಕಲಬುರಗಿಯಿಂದ ಬೀದರ್‌ಗೆ ಹೊರಡಬೇಡಿ. ಮನೆಯ ಸುತ್ತ, ಆಮೇಲೆ ರಿಂಗ್ ರೋಡ್, ಆಮೇಲೆ ಶಹಾಬಾದ್‌ನಷ್ಟು ದೂರ. ಮೊದಲ 50 ಕಿ.ಮೀ. ಆದ ಮೇಲೆ ಎಲ್ಲ ನಟ್ಟು ಬೋಲ್ಟು ಒಮ್ಮೆ ಪಾನಾ ಹಾಕಿ ನೋಡಿ, ಗಾಲಿಯ ಅಚ್ಚಿನ ನಟ್ಟು ಮತ್ತು ಎಂಜಿನ್ ಬೋಲ್ಟು ಮುಖ್ಯ. ಹೊಸ ಚೈನ್ ಸಡಿಲ ಆಗಿರುತ್ತದೆ, ಮತ್ತೆ ಬಿಗಿಯಿರಿ. ಹೆಲ್ಮೆಟ್ ಓಣಿಯ ಓಡಾಟಕ್ಕೂ ಇರಲಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕಾರ್ಬರೇಟರ್, ಪ್ಲಗ್, ವಾಲ್ವ್ ಮೂರನ್ನೂ ಒಂದೇ ದಿನ ಮುಟ್ಟಿದರೆ ಗಾಡಿ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ತಿಳಿಯುವುದಿಲ್ಲ.

ಆಯಿಲ್ ಮಟ್ಟವನ್ನು ಆಗಾಗ ನೋಡಿ. ಸೋರಿಕೆ ಇಲ್ಲದೆ ಕಡಿಮೆಯಾಗುತ್ತಿದ್ದರೆ ಉರಿಯುತ್ತಿದೆ. ಓಡುತ್ತಾ ಓಡುತ್ತಾ ಎಳೆತ ಕಡಿಮೆಯಾದರೆ, ಬಿಸಿಯಾದ ಮೇಲೆ ಕಿಕ್ ಹಗುರಾದರೆ ಅಲ್ಲೇ ನಿಲ್ಲಿಸಿ, ತಣ್ಣಗಾಗಲು ಬಿಡಿ. ಕಾದ ಎಂಜಿನ್ ಮೇಲೆ ನೀರು ಸುರಿಯಬೇಡಿ. ಬಿಸಿಯಾದಾಗ ಬಂದ್ ಆಗಿ ತಣ್ಣಗಾದ ಮೇಲೆ ಸ್ಟಾರ್ಟ್ ಆದರೆ ಮೊದಲು ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿದೆಯಾ ನೋಡಿ. ಮುಚ್ಚಳ ತೆರೆದ ತಕ್ಷಣ ಗಾಡಿ ಓಡಿದರೆ ಅದೇ ಕಾರಣ. ಇಲ್ಲವಾದರೆ ವಾಲ್ವ್ ಗ್ಯಾಪ್ ನೋಡಿಸಿ, ಆಮೇಲೆ ಇಗ್ನಿಷನ್ ಕಾಯಿಲ್.

ಮೈಲೇಜ್ ನೋಡಲು ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿ. ರಿಸರ್ವ್ ಬಿದ್ದಾಗಿನ ಅಂದಾಜು ಬೇಡ. 500 ಕಿ.ಮೀ.ಗೆ ಆಯಿಲ್ ಇನ್ನೊಮ್ಮೆ ಬದಲಿಸಿ, ಪ್ಲಗ್ ಬಣ್ಣ ಮತ್ತೆ ನೋಡಿ, ಬ್ರೇಕ್ ಸೆಟ್ ಮಾಡಿ.

ಇಷ್ಟೆಲ್ಲ ದಾಟಿ ಗಾಡಿ ಓಡುತ್ತಿದ್ದರೆ ಆಗ ಬಣ್ಣ, ಸೀಟು ಮಾಡಿಸಿ. ಬೇರೆ ಬಣ್ಣ ಹೊಡೆಸುವುದಾದರೆ ಮೊದಲು ಆರ್‌ಟಿಒದಲ್ಲಿ ಕೇಳಿ, ಆರ್‌ಸಿಯಲ್ಲಿ ಬದಲಿಸಿಕೊಳ್ಳಿ. ಅದೇ ಬಣ್ಣವಾದರೆ ಈ ತೊಂದರೆ ಇಲ್ಲ. ಪೇಂಟರ್ ಕೈಗೆ ಟ್ಯಾಂಕ್ ಕೊಡುವಾಗ ಪೆಟ್ರೋಲ್ ಪೂರ್ತಿ ಇಳಿಸಿ, ಒಂದು ದಿನ ಮುಚ್ಚಳ ತೆರೆದು ಗಾಳಿಗೆ ಇಟ್ಟು ಕೊಡಿ. ಚಾಸಿ ನಂಬರ್ ಮೇಲೆ ಟೇಪ್ ಹಚ್ಚಿ, ಅದರ ಮೇಲೆ ಬಣ್ಣ ಬೀಳದಂತೆ ಅವರಿಗೆ ಹೇಳಿ.